ಬ್ಯಾಟರಿ ಸರಿಯಿತ್ತು, ಚಾರ್ಜರ್ ಸರಿಯಿತ್ತು, ಆದರೂ ಕೆಂಪು ದೀಪ: ವ್ಯಾನ್ ಬ್ಯಾಟರಿ ಜೊತೆ ನನ್ನ ಅನುಭವ

ರಾತ್ರಿ ವ್ಯಾನ್ ಬ್ಯಾಟರಿಗೆ ಸ್ಮಾರ್ಟ್ ಚಾರ್ಜರ್ (ಹಂತ ಹಂತವಾಗಿ ತಾನೇ ಚಾರ್ಜ್ ಮಾಡುವಂಥದ್ದು) ಹಾಕಿಟ್ಟರೆ ಬೆಳಗ್ಗೆ ಕೆಂಪು ದೀಪ, ಅಂದರೆ ದೋಷ. ತೆಗೆದು ಮತ್ತೆ ಹಾಕಿದರೆ ಬಲ್ಕ್ (ಪೂರ್ತಿ ಕರೆಂಟ್ ಕೊಡುವ ಮೊದಲ ಹಂತ) ಚೆನ್ನಾಗಿಯೇ ಶುರುವಾಗುತ್ತದೆ, ಗಂಟೆಗಟ್ಟಲೆ ಓಡುತ್ತದೆ, ಆಮೇಲೆ ಮತ್ತದೇ ಕೆಂಪು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಬ್ಯಾಟರಿ ಹೋಗಿದೆ, ಹೊಸದು ಹಾಕು. ಒಂದು ವರ್ಕ್‌ಶಾಪ್‌ನವರು ಟೆಸ್ಟರ್ ಹಚ್ಚಿ ಅದನ್ನೇ ಹೇಳಿ, ಅದಕ್ಕೂ ದುಡ್ಡು ತೆಗೆದುಕೊಂಡರು. ಅರ್ಧ ಚಾರ್ಜ್ ಇರುವ ಬ್ಯಾಟರಿಗೆ ಟೆಸ್ಟರ್ ಹಚ್ಚಿದರೆ ಇನ್ನೇನು ಹೇಳುತ್ತದೆ?

ನಾನು ಒಪ್ಪಲಿಲ್ಲ. ಅದೇ ಬ್ಯಾಟರಿ ಡೀಸೆಲ್ ಎಂಜಿನ್ನನ್ನು ಚಳಿಯಲ್ಲೂ ಒಂದೇ ಸಲಕ್ಕೆ ಎಬ್ಬಿಸುತ್ತಿತ್ತು. ಕ್ರ್ಯಾಂಕ್ ಮಾಡುವಾಗ ವೋಲ್ಟೇಜ್ 10ರ ಕೆಳಗೆ ಇಳಿಯುತ್ತಿರಲಿಲ್ಲ. ಒಂದು ಸೆಲ್ ಸತ್ತ ಬ್ಯಾಟರಿ ಹಾಗೆ ಕೆಲಸ ಮಾಡುವುದಿಲ್ಲ, ಅಲ್ವಾ?

ನನ್ನ ವ್ಯಾನ್‌ನಲ್ಲಿ ಸೀಟಿನ ಕೆಳಗೆ 95 ಎಎಚ್‌ನ (ಆಂಪಿಯರ್-ಅವರ್) ಸಾಮಾನ್ಯ ಲೆಡ್ ಆಸಿಡ್ ಸ್ಟಾರ್ಟರ್ ಬ್ಯಾಟರಿ ಇದೆ. ಹಿಂದೆ ಫ್ರಿಜ್ ಮತ್ತು ಲೈಟಿಗೆ ಇನ್ನೊಂದು ಬ್ಯಾಟರಿ. ನಡುವೆ ಸ್ಪ್ಲಿಟ್ ಚಾರ್ಜ್ ರಿಲೇ, ಅಂದರೆ ವೋಲ್ಟೇಜ್ ನೋಡಿ ಎರಡು ಬ್ಯಾಟರಿಯನ್ನು ತಾನೇ ಸೇರಿಸಿ ಬಿಡಿಸುವ ಸ್ವಿಚ್, ಎರಡೂ ಬ್ಯಾಟರಿಯ ವೋಲ್ಟೇಜ್ ನೋಡುವ ಜಾತಿಯದ್ದು. ಚಾರ್ಜರ್ 5 ಆಂಪಿನದು.

ಮೊದಲು ಚಾರ್ಜರ್ ಲೀಡ್ ನೋಡಿದೆ. ಕಾಯಂ ಆಗಿ ಬೋಲ್ಟ್ ಹಾಕಿಟ್ಟ ವೈರಿನ ಫ್ಯೂಸ್ ಹೋಲ್ಡರ್ ಒಳಗೆ ಹಸಿರು ಕಿಲುಬು ತುಂಬಿತ್ತು. ಚಾರ್ಜರ್ ತುದಿಯಲ್ಲಿ 14.4 ಇದ್ದಾಗ ಬ್ಯಾಟರಿ ಕಂಬದ (ಟರ್ಮಿನಲ್) ಮೇಲೆ ಹೆಚ್ಚುಕಮ್ಮಿ 14. ಅಲ್ಲೇ 0.4 ವೋಲ್ಟ್ ಹೋಗುತ್ತಿತ್ತು. ಹೋಲ್ಡರ್ ಬದಲಿಸಿದೆ, ಡ್ರಾಪ್ ಹೋಯಿತು, ಕೆಂಪು ದೀಪ ಹೋಗಲಿಲ್ಲ. ಆಮೇಲೆ ವ್ಯಾನ್ ನಿಂತಿರುವಾಗಲೂ ಬ್ಯಾಟರಿಯಿಂದ ಹರಿಯುವ ಕಳ್ಳ ಕರೆಂಟ್ ಹುಡುಕಿದೆ. ಬಾನೆಟ್ ಮುಚ್ಚಿದೆ ಎಂದು ವ್ಯಾನ್ ತಿಳಿಯಲಿ ಎಂದು ಲಾಚನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿ, ಕಂಪ್ಯೂಟರ್ ಮಾಡ್ಯೂಲ್‌ಗಳು ನಿದ್ದೆಗೆ ಹೋಗಲಿ ಎಂದು ಒಂದು ಗಂಟೆ ಬಿಟ್ಟು ಅಳೆದರೆ 30 ಮಿಲಿಆಂಪ್ ಆಸುಪಾಸು. 50ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಫ್ಯೂಸ್ ಕಿತ್ತು ಕಿತ್ತು ನೋಡಬೇಡಿ, ಕಿತ್ತು ಹಾಕಿದಾಗೆಲ್ಲ ಮಲಗಿದ್ದ ಮಾಡ್ಯೂಲ್ ಎದ್ದು ಕೂರುತ್ತದೆ. ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆದರೆ ಸಾಕು, ಯಾವುದರಲ್ಲಿ ಕರೆಂಟ್ ಹರಿಯುತ್ತಿದೆ ಎಂದು ತಿಳಿಯುತ್ತದೆ.

ಆಮೇಲೆ ಚಾರ್ಜರೇ ಕೆಟ್ಟಿದೆ ಎಂದು ಇನ್ನೊಬ್ಬರು ಹೇಳಿದರು. 10 ಆಂಪಿನ ಇನ್ನೊಂದು ತಂದೆ. ಹೊಸ ಬ್ಯಾಟರಿಯ ಬೆಲೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಬಿತ್ತು. ಅದೂ ಕೆಂಪಾಯಿತು, ಆದರೆ ತುಂಬಾ ತಡವಾಗಿ. ಈ ತಡವೇ ನನಗೆ ಸುಳಿವು ಕೊಟ್ಟಿತು. ಬ್ಯಾಟರಿ ಸತ್ತಿದ್ದರೆ ಜಾಸ್ತಿ ಆಂಪ್ ಕೊಟ್ಟಾಗ ಬೇಗ ಕೆಂಪಾಗಬೇಕಿತ್ತು ಎಂಬುದು ನನ್ನ ಲೆಕ್ಕ.

5 ಆಂಪಿನದನ್ನೇ ಮತ್ತೆ ಹಾಕಿ, ಮಲ್ಟಿಮೀಟರ್ ಹಚ್ಚಿ ಪಕ್ಕದಲ್ಲೇ ಕೂತೆ. ವೋಲ್ಟೇಜ್ ನಿಧಾನವಾಗಿ 13.3ಕ್ಕೆ ಬಂತು, ಸೀಟಿನ ಕೆಳಗೆ ಟಕ್ ಎಂದಿತು, ವೋಲ್ಟೇಜ್ ಸರ್ರನೆ 12.8ಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್, ಮತ್ತೆ ಮೇಲಕ್ಕೆ. ಅಲ್ಲಿಗೆ ಎಲ್ಲ ಗೊತ್ತಾಯಿತು. 13.3 ಮುಟ್ಟಿದ ಕೂಡಲೇ ಎಂಜಿನ್ ಓಡುತ್ತಿದೆ ಎಂದುಕೊಂಡು ರಿಲೇ ಎರಡೂ ಬ್ಯಾಟರಿಯನ್ನು ಸೇರಿಸುತ್ತಿತ್ತು. ಖಾಲಿಯಾದ ಹಿಂದಿನ ಬ್ಯಾಟರಿ ಐದೂ ಆಂಪನ್ನು ನುಂಗುತ್ತಿತ್ತು. 12.8ಕ್ಕೆ ಇಳಿದರೆ ರಿಲೇ ಬಿಡುತ್ತಿತ್ತು. ಚಾರ್ಜರ್ ಒಳಗಿನ ಟೈಮರ್ ಮಾತ್ರ ಓಡುತ್ತಲೇ ಇತ್ತು, ಅದರ ಅವಧಿ ಮುಗಿದರೆ ಕೆಂಪು. ಹೇಗೋ ಅಬ್ಸಾರ್ಪ್ಶನ್ (ವೋಲ್ಟೇಜ್ 14.4ರಲ್ಲಿ ಹಿಡಿದು ತುಂಬಿಸುವ ಎರಡನೇ ಹಂತ) ದಾಟಿದ ದಿನವೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಚಾರ್ಜ್ ನಿಲ್ಲಿಸಿ ವೋಲ್ಟೇಜ್ ನಿಲ್ಲುತ್ತದೆಯೇ ಎಂದು ಚಾರ್ಜರ್ ನೋಡುವ ಹೊತ್ತಿಗೆ ರಿಲೇ ಇನ್ನೂ ಸೇರಿಸಿಯೇ ಇರುತ್ತಿತ್ತು, ಹಿಂದೆ ಫ್ರಿಜ್ ಕಂಪ್ರೆಸರ್ 4 ಆಂಪ್ ಎಳೆಯುತ್ತಿತ್ತು. ಈ ಬ್ಯಾಟರಿ ಚಾರ್ಜ್ ಹಿಡಿಯುವುದಿಲ್ಲ ಎಂದು ಚಾರ್ಜರ್ ತೀರ್ಪು ಕೊಡುತ್ತಿತ್ತು. ತೂಗುವಾಗ ತಕ್ಕಡಿಗೆ ಯಾರೋ ಕೈ ಹಾಕಿದ ಹಾಗೆ.

ಪರಿಹಾರ ಇಷ್ಟೇ. ರಿಲೇಯ ತೆಳು ಕಪ್ಪು ಅರ್ತ್ ವೈರಿನಲ್ಲಿ ಒಂದು ಸಣ್ಣ ಸ್ವಿಚ್. ಅದರಲ್ಲಿ ಹರಿಯುವುದು ಕಾಯಿಲ್ ಕರೆಂಟ್ ಮಾತ್ರ, ದಪ್ಪ ಕೇಬಲ್ ಮುಟ್ಟುವ ಕೆಲಸವೇ ಇಲ್ಲ. ಖರ್ಚು ಹೊಸ ಬ್ಯಾಟರಿಯ ಬೆಲೆಯಲ್ಲಿ ಐವತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಸುಮ್ನೆ ಕಾಲಹರಣ ಎಂದರು ಕೆಲವರು. ಸ್ವಿಚ್ ಆಫ್ ಮಾಡಿ ಹಾಕಿದ ಮೊದಲ ರಾತ್ರಿಯೇ 14.4 ಮುಟ್ಟಿತು, ಕರೆಂಟ್ 1 ಆಂಪಿಗಿಂತ ಕೆಳಗೆ ಬಂತು, ಬೆಳಗ್ಗೆ ಹಸಿರು ದೀಪ, ಫ್ಲೋಟ್ (ತುಂಬಿದ ಮೇಲೆ ಹಾಗೇ ಕಾಪಾಡುವ ಹಂತ) 13.6. ಚಾರ್ಜರ್ ತೆಗೆದು, ಮೇಲುಚಾರ್ಜ್ (ಚಾರ್ಜ್ ಮಾಡಿದ ಕೂಡಲೇ ವೋಲ್ಟೇಜನ್ನು ಸುಳ್ಳಾಗಿ ಹೆಚ್ಚು ತೋರಿಸುವುದು) ಹೋಗಲಿ ಎಂದು ಎರಡು ಮೂರು ನಿಮಿಷ ಹೆಡ್‌ಲೈಟ್ ಉರಿಸಿ, ಒಂದು ದಿನ ಬಿಟ್ಟು ಅಳೆದರೆ 12.65ರ ಹತ್ತಿರ, ಅಂದರೆ ತುಂಬಿದ ಬ್ಯಾಟರಿ. "ಹೋಗಿದೆ" ಎಂದ ಬ್ಯಾಟರಿ! ಅದೇ ಈಗಲೂ ವ್ಯಾನ್‌ನಲ್ಲಿದೆ, ಟೆಸ್ಟರ್ ಕೂಡ ಈಗ ಪಾಸ್ ಎನ್ನುತ್ತದೆ.

ಇದರ ಜೊತೆಗೇ ಬೇರೆ ಪ್ರಯೋಗಗಳೂ ನಡೆದವು. ಚಾರ್ಜರನ್ನು ಪ್ಲಗ್ ಟೈಮರಿಗೆ ಹಾಕಿ ದಿನಕ್ಕೆ ಒಂದು ಗಂಟೆ ಕೊಡೋಣ ಎಂದು ನೋಡಿದೆ. ನನ್ನ ಚಾರ್ಜರ್ ಕರೆಂಟ್ ಹೋಗಿ ಬಂದರೆ ಮೋಡ್ ಮರೆತು ಸ್ಟ್ಯಾಂಡ್‌ಬೈನಲ್ಲಿ ಕೂರುತ್ತದೆ, ಪ್ರಯೋಜನವಿಲ್ಲ. ನಿಮ್ಮದು ನೆನಪಿಟ್ಟುಕೊಳ್ಳುವಂಥದ್ದಾದರೆ ಮಾಡಬಹುದು. ಎಜಿಎಂ ಎಂಬ ಬೇರೆ ಜಾತಿಯ ಬ್ಯಾಟರಿಗಿರುವ 14.7ರ ಮೋಡ್ ಹಾಕಿ ನೋಡಿದೆ, ಆಸಿಡ್‌ನಲ್ಲಿ ಗುಳ್ಳೆ ಜಾಸ್ತಿಯಾಯಿತು, ಚಾರ್ಜರ್ ತೆಗೆದು ಬಿಟ್ಟ ಮೇಲಿನ ವೋಲ್ಟೇಜ್‌ನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಕಪ್ಪು ಕಂಬದ ಮೇಲೆ ಬ್ಯಾಟರಿ ಸೆನ್ಸರ್ ಇರುವ ವ್ಯಾನ್ ಆಗಿದ್ದರೆ ಕಪ್ಪು ಕ್ಲಿಪ್ಪನ್ನು ಕಂಬಕ್ಕೆ ಹಾಕಬೇಡಿ, ಚಾಸಿಗೆ ಹಾಕಿ. ಇಲ್ಲದಿದ್ದರೆ ಒಳಗೆ ಹೋದ ಚಾರ್ಜ್ ಸೆನ್ಸರ್ ಲೆಕ್ಕಕ್ಕೇ ಸಿಗುವುದಿಲ್ಲ.

ಈಗ ನಾನು ಸ್ವಿಚ್ ಕೂಡ ಮುಟ್ಟುವುದಿಲ್ಲ. ಚಾರ್ಜರ್ ಪ್ಲಗ್ ಹಾಕಿದರೆ ರಿಲೇ ತಾನೇ ಮಲಗುತ್ತದೆ, ತೆಗೆದರೆ ಏಳುತ್ತದೆ. ಆ ಜೋಡಣೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹಿಂದಿನ ಬ್ಯಾಟರಿಗೆ ಈಗ ಆ 10 ಆಂಪಿನ ಚಾರ್ಜರನ್ನೇ ಬೇರೆಯಾಗಿ ಕೊಟ್ಟಿದ್ದೇನೆ, ಅದಕ್ಕೆ ಹಾಕಿದ ದುಡ್ಡೂ ಕೆಲಸಕ್ಕೆ ಬಂತು.