ತುರ್ತು ಸೇವೆಯ ಮಾಡ್ ಕಟ್ಟುವಾಗ ನಾನಿಡುವ ಲೆಕ್ಕ

ತುರ್ತು ಸೇವೆಯ ಮಾಡ್‌ಗಳಲ್ಲಿ, ಅಂದರೆ ಕಂಪ್ಯೂಟರ್ ಆಟಕ್ಕೆ ಇಂಥ ವಾಹನ ಮತ್ತು ಕರೆಗಳನ್ನು ಸೇರಿಸಲು ಆಟಗಾರರೇ ಕಟ್ಟುವ ಮಾರ್ಪಾಡುಗಳಲ್ಲಿ, ಬಹಳಷ್ಟು ವಾಹನದ ಬಣ್ಣಕ್ಕೇ ನಿಂತುಬಿಡುತ್ತವೆ. ಬಾಗಿಲ ಮೇಲಿನ ಲಾಂಛನ ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ. ಆದರೆ ಕರೆ ಬಂದ ಕ್ಷಣವೇ ಆಂಬುಲೆನ್ಸ್ ರಸ್ತೆಯಲ್ಲಿರುತ್ತದೆ, ಅಗ್ನಿಶಾಮಕ ವಾಹನದ ನೀರು ಮುಗಿಯುವುದೇ ಇಲ್ಲ, ಹದಿನೈದು ಟನ್ನಿನ ಗಾಡಿ ರೇಸ್ ಕಾರಿನ ಹಾಗೆ ತಿರುಗುತ್ತದೆ. ನಿಜವಾದ ಸೇವೆಯನ್ನು ಆಳುವುದು ಸಮಯ, ತೂಕ ಮತ್ತು ಕೊರತೆ. ಈ ಮೂರನ್ನು ಮೊದಲು ಆಟಕ್ಕೆ ಇಳಿಸಿ, ಬಣ್ಣವನ್ನು ಕೊನೆಗೆ ಬಳಿಯುವುದು ನನ್ನ ಕ್ರಮ.

ಇಲ್ಲಿನ ವಿವರಗಳು ಜಿಟಿಎ 5ಕ್ಕೆ, ಅದರ ಮೇಲೆ ರೇಜ್ ಪ್ಲಗಿನ್ ಹುಕ್ (ಪ್ಲಗಿನ್‌ಗಳನ್ನು ಓಡಿಸುವ ತಂತ್ರಾಂಶ) ಮತ್ತು ಎಲ್‌ಎಸ್‌ಪಿಡಿಎಫ್‌ಆರ್ (ಆಟಗಾರನನ್ನು ಪೊಲೀಸನನ್ನಾಗಿಸುವ ಮಾಡ್) ಹಾಕಿಕೊಂಡು ಕೆಲಸ ಮಾಡುವವರಿಗೆ. ಲೆಕ್ಕಗಳು ಮಾತ್ರ ಯಾವ ಸಿಮ್ಯುಲೇಶನ್ ಆಟಕ್ಕೂ ಹೊಂದುತ್ತವೆ. ಎಲ್ಲವೂ ಒಬ್ಬರೇ ಆಡುವ ಕಥೆಯ ಮೋಡ್‌ನಲ್ಲಿ ಮಾತ್ರ. ಮಾಡ್ ಇಟ್ಟುಕೊಂಡು ಆನ್‌ಲೈನ್‌ಗೆ ಹೋದರೆ ಖಾತೆಗೆ ನಿಷೇಧ ಬೀಳಬಹುದು.

ಮೊದಲು ಮಿನುಗು ದೀಪ, ಏಕೆಂದರೆ ಅತಿ ಹೆಚ್ಚು ತಪ್ಪುಗಳು ಆಗುವುದು ಅಲ್ಲೇ. ಯುರೋಪಿನ ವಾಹನಗಳಿಗೆ ಅನ್ವಯವಾಗುವ ಇಸಿಇ ನಿಯಮ 65ರ ಪ್ರಕಾರ ಎಚ್ಚರಿಕೆ ದೀಪ ಸೆಕೆಂಡಿಗೆ 2ರಿಂದ 4 ಸಲ ಮಿನುಗಬೇಕು. ಕಣ್ಣಿಗೆ ಇದು ನಿಧಾನ ಅನ್ನಿಸಬಹುದು. ಮಾಡ್‌ಗಳಲ್ಲಿ ಸೆಕೆಂಡಿಗೆ ಹತ್ತು ಹನ್ನೆರಡು ಸಲ ಮಿನುಗಿಸುವವರಿದ್ದಾರೆ. ಅದು ಎಚ್ಚರಿಕೆಯ ದೀಪವಾಗಿ ಕಾಣುವುದಿಲ್ಲ, ಕೆಟ್ಟ ಟ್ಯೂಬ್‌ಲೈಟಾಗಿ ಕಾಣುತ್ತದೆ. ದೂರದಿಂದ ಬರುವ ವಾಹನ ಯಾವ ಕಡೆಗೆ ಸಾಗುತ್ತಿದೆ ಎಂದು ಎದುರಿನವರಿಗೆ ತಿಳಿಯಬೇಕಾದರೆ ಎರಡು ಮಿನುಗುಗಳ ನಡುವೆ ಕತ್ತಲೆಯೂ ಇರಬೇಕು.

ಆಟದಲ್ಲಿ ಈ ಕೆಲಸ ವಾಹನದ ಬಣ್ಣ, ದೀಪಗಳ ವಿವರವಿರುವ ಕಾರ್‌ಕೋಲ್ಸ್ ಮೆಟಾ ಕಡತದ ಸೈರನ್ ಸೆಟ್ಟಿಂಗ್ಸ್ ಭಾಗದಲ್ಲಿ ನಡೆಯುತ್ತದೆ. ಒಂದು ವಾಹನಕ್ಕೆ 20 ಸೈರನ್ ಬಿಂದುಗಳು. ಪ್ರತಿ ಬಿಂದುವಿಗೂ ಒಂದು ಸೀಕ್ವೆನ್ಸರ್ ಸಂಖ್ಯೆ. ಆ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದರೆ 32 ಸ್ಥಾನ. 1 ಇದ್ದ ಹೆಜ್ಜೆಯಲ್ಲಿ ದೀಪ ಉರಿಯುತ್ತದೆ, 0 ಇದ್ದಲ್ಲಿ ಆರುತ್ತದೆ. ಹೆಜ್ಜೆಯ ವೇಗ, ಅಂದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಎಂಬುದು, ಸೀಕ್ವೆನ್ಸರ್ ಬಿಪಿಎಂನಲ್ಲಿದೆ. 600 ಕೊಟ್ಟರೆ ಒಂದು ಹೆಜ್ಜೆಗೆ 0.1 ಸೆಕೆಂಡು, ಪೂರ್ತಿ ಸುತ್ತಿಗೆ 3.2 ಸೆಕೆಂಡು. ತೊಡಕು ಇಲ್ಲೇ ಹುಟ್ಟುತ್ತದೆ: 600ರಲ್ಲಿ ಸೆಕೆಂಡಿಗೆ ಎರಡು ಮಿನುಗು ಬೇಕೆಂದರೆ ಐದೈದು ಹೆಜ್ಜೆಯ ವಿನ್ಯಾಸ ಬರೆಯಬೇಕು, 32 ಐದರಿಂದ ಭಾಗವಾಗುವುದಿಲ್ಲ. ಸುತ್ತು ಮುಗಿದು ಮತ್ತೆ ಶುರುವಾಗುವ ಜಾಗದಲ್ಲಿ ದೀಪ ಎಡವುತ್ತದೆ. ಹಾಗಾಗಿ ವಿನ್ಯಾಸದ ಉದ್ದ 4, 8 ಅಥವಾ 16 ಹೆಜ್ಜೆಯೇ ಆಗಿರಲಿ, ಬಿಪಿಎಂ ಅದಕ್ಕೆ ಹೊಂದಿಕೊಳ್ಳಲಿ.

ನಾನು ಹೆಚ್ಚಾಗಿ ಬಳಸುವುದು 960 ಬಿಪಿಎಂ. ಸೆಕೆಂಡಿಗೆ 16 ಹೆಜ್ಜೆ, ಎಂಟು ಹೆಜ್ಜೆಯ ವಿನ್ಯಾಸಕ್ಕೆ ಅರ್ಧ ಸೆಕೆಂಡು, ಸೆಕೆಂಡಿಗೆ ಸರಿಯಾಗಿ ಎರಡು ಆವರ್ತ. ಎಡಬದಿಗೆ 10100000 ಎಂಬುದನ್ನು ನಾಲ್ಕು ಸಲ ಜೋಡಿಸಿದರೆ ದಶಮಾನದಲ್ಲಿ 2694881440. ಬಲಬದಿಗೆ 00001010 ನಾಲ್ಕು ಸಲ, ಅಂದರೆ 168430090. ಎಡಕ್ಕೆ ಎರಡು ಮಿಂಚು, ಬಿಡುವು, ಬಲಕ್ಕೆ ಎರಡು ಮಿಂಚು, ಬಿಡುವು. ಒಂಟಿ ಮಿಂಚಿನ ಹಳೆಯ ಶೈಲಿ ಬೇಕಿದ್ದರೆ 480 ಬಿಪಿಎಂ ಇಟ್ಟು ಒಂದು ಬದಿಗೆ 2290649224, ಇನ್ನೊಂದಕ್ಕೆ 572662306 ಸಾಕು. 960ಕ್ಕಿಂತ ಮೇಲೆ ಹೋಗುವುದರಲ್ಲಿ ಲಾಭವಿಲ್ಲ. ಆ ವೇಗದಲ್ಲೇ ಒಂದು ಹೆಜ್ಜೆಗೆ 62.5 ಮಿಲಿಸೆಕೆಂಡು, ಆಟ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಓಡುತ್ತಿದ್ದರೆ ಅದಕ್ಕೆ ಸಿಗುವುದು ಎರಡು ಫ್ರೇಮ್‌ಗೂ ತುಸು ಕಡಿಮೆ. ಇನ್ನೂ ಚಿಕ್ಕದಾದರೆ ಕೆಲವು ಮಿಂಚುಗಳು ಪರದೆಗೆ ಬರುವುದೇ ಇಲ್ಲ.

ಇಪ್ಪತ್ತು ಬಿಂದುಗಳಿಗೂ ಸುತ್ತಮುತ್ತ ಬೆಳಕು ಚೆಲ್ಲುವ ಲೈಟ್ ಆಯ್ಕೆ ಕೊಡಬೇಡಿ. ಮುಂದೆ ಎರಡು, ಹಿಂದೆ ಎರಡು ಸಾಕು. ಉಳಿದವಕ್ಕೆ ಕೊರೋನಾ ಎಂಬ ಹೊಳಪು ಮಾತ್ರ ಇರಲಿ. ನೆರಳು ಬೀಳಿಸುವ ಆಯ್ಕೆಯನ್ನು ಎಲ್ಲಕ್ಕೂ ಆರಿಸಿಡಿ. ಒಂದೇ ಜಾಗದಲ್ಲಿ ನಾಲ್ಕು ವಾಹನ ನಿಂತಾಗ ಫ್ರೇಮ್ ಬೀಳುವುದಕ್ಕೆ, ಬೀದಿದೀಪಗಳು ಕಾಣದಂತಾಗುವುದಕ್ಕೆ ಸಾಮಾನ್ಯವಾಗಿ ಈ ಎರಡು ಆಯ್ಕೆಗಳೇ ಕಾರಣ. ಇನ್ನೊಂದು ಪದೇ ಪದೇ ಕಾಣುವ ದೋಷ: ಹೊಸ ವಾಹನ ಹಾಕಿದ ತಕ್ಷಣ ಹಳೆಯ ವಾಹನದ ದೀಪದ ವಿನ್ಯಾಸ ಬದಲಾಗಿಬಿಡುತ್ತದೆ. ಎರಡೂ ಮಾಡ್‌ಗಳು ಒಂದೇ ಸೈರನ್ ಐಡಿ ಬಳಸಿವೆ ಎಂದರ್ಥ. ಕಾರ್‌ಕೋಲ್ಸ್‌ನಲ್ಲಿ ಐಡಿ ಬದಲಿಸಿ, ಅದೇ ಸಂಖ್ಯೆಯನ್ನು ಯಾವ ವಾಹನಕ್ಕೆ ಯಾವ ದೀಪ ಎಂದು ಹೇಳುವ ಕಾರ್‌ವೇರಿಯೇಶನ್ಸ್ ಮೆಟಾದ ಸೈರನ್ ಸೆಟ್ಟಿಂಗ್ಸ್ ಸಾಲಿನಲ್ಲೂ ಬರೆಯಬೇಕು. ಮೂಲ ಆಟ 255ರವರೆಗಿನ ಐಡಿಯನ್ನಷ್ಟೇ ಒಪ್ಪುತ್ತದೆ. ಅದನ್ನು ಮೀರಲು ಮಿತಿ ಹೆಚ್ಚಿಸುವ ಪ್ಲಗಿನ್ ಬೇಕು.

ಸದ್ದಿನ ಬಗ್ಗೆ ಹೆಚ್ಚಿಲ್ಲ. ನಿಂತ ವಾಹನದ ಸೈರನ್‌ನಿಂದ ಮಾಡಿದ ಮೋನೋ ಧ್ವನಿಮುದ್ರಣವೇ ಬೇಕು. ಹಾದುಹೋಗುವ ವಾಹನದ ಮುದ್ರಣದಲ್ಲಿ ಡಾಪ್ಲರ್ ಪರಿಣಾಮ, ಅಂದರೆ ಚಲನೆಯಿಂದ ಸ್ವರ ಏರಿಳಿದು ಕೇಳಿಸುವುದು, ಆಗಲೇ ಸೇರಿಕೊಂಡಿರುತ್ತದೆ. 440 ಹರ್ಟ್ಸ್‌ನ ಸ್ವರ ಗಂಟೆಗೆ 72 ಕಿ.ಮೀ. ವೇಗದಲ್ಲಿ ಹತ್ತಿರ ಬರುವಾಗ ಸುಮಾರು 467 ಆಗಿ, ದೂರ ಹೋಗುವಾಗ 416 ಆಗಿ ಕೇಳಿಸುತ್ತದೆ. ಅದರ ಮೇಲೆ ಆಟವೂ ತನ್ನ ಡಾಪ್ಲರ್ ಹೇರಿದರೆ ಸ್ವರ ಎರಡೆರಡು ಸಲ ಜಾರುತ್ತದೆ. ಜರ್ಮನಿಯ ಎರಡು ಸ್ವರದ ಹಾರ್ನ್ ಮಾಡುವವರು ಸ್ವರಗಳ ಅನುಪಾತವನ್ನು 3:4 ಇಡಲಿ. ಕೆಳಗಿನದು 440 ಆದರೆ ಮೇಲಿನದು 587ರ ಹತ್ತಿರ. ನಿಧಾನವಾಗಿ ಏರಿಳಿಯುವ ವೇಲ್ ಆಗಲಿ ಬೇಗ ಬೇಗ ಏರಿಳಿಯುವ ಯೆಲ್ಪ್ ಆಗಲಿ, ಒಂದು ಪೂರ್ಣ ಏರಿಳಿತವನ್ನು ಅಲೆ ಶೂನ್ಯ ದಾಟುವ ಜಾಗದಲ್ಲೇ ಕತ್ತರಿಸಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ 'ಟಕ್' ಎನ್ನುತ್ತದೆ.

ಈಗ ತೂಕ. ವಾಹನದ ಚಲನೆಯನ್ನು ನಿರ್ಧರಿಸುವ ಹ್ಯಾಂಡ್ಲಿಂಗ್ ಮೆಟಾ ಕಡತದಲ್ಲಿ ಎಫ್‌ಮಾಸ್ ಎಂಬ ತೂಕದ ಸಂಖ್ಯೆಯನ್ನು 15000ಕ್ಕೆ ಏರಿಸಿದೊಡನೆ ಗಾಡಿ ಭಾರವಾಯಿತು ಎಂದು ಅನೇಕರು ನಂಬುತ್ತಾರೆ. ಆಟದಲ್ಲಿ ಆ ಸಂಖ್ಯೆ ಕೆಲಸಕ್ಕೆ ಬರುವುದು ಮುಖ್ಯವಾಗಿ ಇನ್ನೊಂದು ವಾಹನಕ್ಕೆ ಗುದ್ದಿದಾಗ. ವೇಗ ಹಿಡಿಯುವುದನ್ನು ತೀರ್ಮಾನಿಸುವುದು ಇನಿಶಿಯಲ್ ಡ್ರೈವ್ ಫೋರ್ಸ್, ನಿಲ್ಲುವುದನ್ನು ಬ್ರೇಕ್ ಫೋರ್ಸ್. ಇವೆರಡೂ ಎಫ್‌ಮಾಸ್‌ಗೆ ತಕ್ಕಂತೆ ತಾವಾಗಿಯೇ ಕುಗ್ಗುವುದಿಲ್ಲ, ಕೈಯಿಂದಲೇ ಇಳಿಸಬೇಕು. ಎಷ್ಟು ಇಳಿಸಬೇಕು ಎಂಬುದಕ್ಕೆ ಅಳತೆಗೋಲು ಇದೆ: ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 1901 ಮಾನದಂಡ (2024ರ ಆವೃತ್ತಿಯಿಂದ ಅದು ಎನ್‌ಎಫ್‌ಪಿಎ 1900ರಲ್ಲಿ ಸೇರಿಹೋಗಿದೆ) ಅಗ್ನಿಶಾಮಕ ವಾಹನದಿಂದ ಕೇಳುತ್ತಿದ್ದುದು ಸಮತಟ್ಟು ರಸ್ತೆಯಲ್ಲಿ ನಿಂತಲ್ಲಿಂದ 25 ಸೆಕೆಂಡಿನೊಳಗೆ ಗಂಟೆಗೆ 35 ಮೈಲಿ, ಅಂದರೆ 56 ಕಿ.ಮೀ. 26,000 ಪೌಂಡ್ ಮೀರಿದ ವಾಹನಕ್ಕೆ ಅದು ಇಟ್ಟಿದ್ದ ಗರಿಷ್ಠ ವೇಗ 68 ಮೈಲಿ, ಸುಮಾರು 109 ಕಿ.ಮೀ. ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಸ್ಟಾಪ್‌ವಾಚ್ ಹಿಡಿದು, ಸಂಖ್ಯೆಯನ್ನು 0.01ರಷ್ಟು ಸರಿಸುತ್ತಾ ಈ ಮಿತಿಗೆ ತನ್ನಿ. ಕಾಗದದ ಮೇಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೇರ್‌ಗಳ ಸಂಖ್ಯೆಯೂ ಗಾಳಿಯ ತಡೆಯೂ ಅದರಲ್ಲಿ ಬೆರೆತಿವೆ.

ತಿರುವಿನಲ್ಲಿ ವಾಲುವುದು ಗುರುತ್ವ ಕೇಂದ್ರದ ಮಾತು. ನೀರು ತುಂಬಿದ ಟ್ಯಾಂಕು ಎತ್ತರದಲ್ಲಿರುವುದರಿಂದ ಸೆಂಟರ್ ಆಫ್ ಮಾಸ್ ಆಫ್‌ಸೆಟ್‌ನ ಝಡ್ ಮೌಲ್ಯವನ್ನು 0.1ರಿಂದ ಶುರುಮಾಡಿ ಮೇಲೇರಿಸುತ್ತೇನೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಲಂಬಕೋನದ ತಿರುವು ತೆಗೆದುಕೊಂಡಾಗ ಒಳಬದಿಯ ಚಕ್ರ ಹಗುರವಾದಂತೆ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಏರಿಸಿದರೆ ಪಾದಚಾರಿ ದಾರಿಯ ಅಂಚು ತಾಗಿದರೂ ಗಾಡಿ ಮಗುಚುತ್ತದೆ.

ನೀರಿನ ಲೆಕ್ಕ ಸರಳ, ಆದರೆ ಇಡೀ ಆಟದ ರೀತಿಯನ್ನೇ ಬದಲಿಸುತ್ತದೆ. 2000 ಲೀಟರ್ ಟ್ಯಾಂಕು, ನಿಮಿಷಕ್ಕೆ 400 ಲೀಟರ್ ಹರಿವು: ಐದು ನಿಮಿಷ, ಮುಗಿಯಿತು. ಎರಡು ಪೈಪು ಬಿಚ್ಚಿದರೆ ಎರಡೂವರೆ. ಅಷ್ಟರೊಳಗೆ ಹೈಡ್ರಂಟ್ ಹುಡುಕಬೇಕು, ಅಥವಾ ಎರಡನೆಯ ಗಾಡಿಯನ್ನು ಮೊದಲೇ ಕರೆದಿರಬೇಕು. ಆಟಗಾರ ಬೆಂಕಿಯನ್ನು ಬಿಟ್ಟು ನೀರಿನ ಬಗ್ಗೆ ಯೋಚಿಸಲು ತೊಡಗಿದರೆ ಮಾಡ್ ಸರಿಯಾಗಿದೆ ಎಂದು ನಾನು ತಿಳಿಯುತ್ತೇನೆ. ಕೋಡ್ ಬರೆಯುವಾಗ ನೀರನ್ನು ಪ್ರತಿ ಫ್ರೇಮ್‌ಗೆ ಇಷ್ಟು ಎಂದು ಕಳೆಯಬಾರದು. ಹಾಗೆ ಕಳೆದರೆ ಸೆಕೆಂಡಿಗೆ 60 ಫ್ರೇಮ್ ಬರುವ ಕಂಪ್ಯೂಟರಿನಲ್ಲಿ ಟ್ಯಾಂಕು 30 ಫ್ರೇಮ್‌ನದಕ್ಕಿಂತ ಎರಡು ಪಟ್ಟು ಬೇಗ ಬರಿದಾಗುತ್ತದೆ. ಹಿಂದಿನ ಫ್ರೇಮ್‌ನಿಂದ ಕಳೆದ ಸಮಯವನ್ನು ಸೆಕೆಂಡಿಗೆ 6.67 ಲೀಟರ್‌ನಿಂದ ಗುಣಿಸಿ ಕಳೆಯಬೇಕು. ಬೆಂಕಿಯ ಕಥೆ ಬೇರೆ: ಆಟದ ಬೆಂಕಿ ತನ್ನಷ್ಟಕ್ಕೇ ಆರಿಹೋಗುತ್ತದೆ. ಉರಿಯಬೇಕಾದ ಜಾಗಗಳ ಪಟ್ಟಿ ಇಟ್ಟುಕೊಂಡು, ನೀರು ತಾಗದೆ ಆರಿದ್ದನ್ನು ಮತ್ತೆ ಹೊತ್ತಿಸಿ, ನೀರು ತಾಗಿದ್ದನ್ನು ಪಟ್ಟಿಯಿಂದ ತೆಗೆಯಬೇಕು. ಬೆಂಕಿ ಹಚ್ಚುವ ಸ್ಟಾರ್ಟ್ ಸ್ಕ್ರಿಪ್ಟ್ ಫೈರ್ ಎಂಬ ನೇಟಿವ್‌ಗೆ (ಆಟದೊಳಗಿನ ಆಜ್ಞೆಗೆ) ಕೊಡಬಹುದಾದ ಮರಿ ಬೆಂಕಿಗಳ, ಅಂದರೆ ಅದರಿಂದ ಹರಡುವ ಬೆಂಕಿಗಳ ಮಿತಿ 25.

ಮಾಡ್‌ನ ಜೀವ ಇರುವುದು ಕಾಲ್‌ಔಟ್‌ನಲ್ಲಿ, ಅಂದರೆ ಆಟಗಾರನಿಗೆ ಬರುವ ತುರ್ತು ಕರೆಯಲ್ಲಿ. ಎನ್‌ಎಫ್‌ಪಿಎ 1710ರ 2020ರ ಆವೃತ್ತಿಯಲ್ಲಿ ಕರೆ ಸಿಕ್ಕಿದ ಮೇಲೆ ಸಿಬ್ಬಂದಿ ಹೊರಡಲು ಬೆಂಕಿಯ ಕರೆಗೆ 80 ಸೆಕೆಂಡು, ವೈದ್ಯಕೀಯ ಕರೆಗೆ 60 ಸೆಕೆಂಡು ಗುರಿ. ಮೊದಲ ಅಗ್ನಿಶಾಮಕ ವಾಹನದ ಪ್ರಯಾಣಕ್ಕೆ 240 ಸೆಕೆಂಡು. ಸರಾಸರಿ 60 ಕಿ.ಮೀ. ವೇಗದಲ್ಲಿ ಅದು 4 ಕಿ.ಮೀ. ದೂರ. ಆಟದ ನಕ್ಷೆ ಕುಗ್ಗಿಸಿದ ನಗರ, ಆದ್ದರಿಂದ ದೂರವನ್ನು ಬಿಟ್ಟು ಸಮಯವನ್ನು ಉಳಿಸಿಕೊಳ್ಳಿ. ಬೆಂಬಲ ವಾಹನವನ್ನು ಕಣ್ಣೆದುರು ಹುಟ್ಟಿಸದೆ, 60 ಸೆಕೆಂಡು ಕಾಯಿಸಿ, ನಾಲ್ಕಾರು ನೂರು ಮೀಟರ್ ಆಚೆಯಿಂದ ಓಡಿಸಿಕೊಂಡು ಬರಬೇಕು. ಈ ಕಾಯುವಿಕೆಯನ್ನು ಆಟದ ಗಡಿಯಾರದಲ್ಲಿ ಅಳೆಯಬೇಡಿ. ಅಲ್ಲಿ ಒಂದು ನಿಮಿಷ ಎಂದರೆ ನಮ್ಮ 2 ಸೆಕೆಂಡು. ಮಿಲಿಸೆಕೆಂಡಿನಲ್ಲಿ ಎಣಿಸುವ ಗೇಮ್ ಟೈಮ್ ಬಳಸಿ.

ಎಲ್‌ಎಸ್‌ಪಿಡಿಎಫ್‌ಆರ್ ಕಾಲ್‌ಔಟ್ ಎಂದರೆ ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಕ್ಲಾಸ್ (ಕೋಡ್‌ನ ಒಂದು ಘಟಕ), ಅದರಲ್ಲಿ ನಾಲ್ಕು ಮುಖ್ಯ ಘಟ್ಟ. ಕರೆ ತೋರಿಸುವ ಮುನ್ನ ಜಾಗ ನಿಗದಿ ಮಾಡುವುದು, ಒಪ್ಪಿಕೊಂಡಾಗ ಜನರನ್ನೂ ವಾಹನವನ್ನೂ ಹುಟ್ಟಿಸುವುದು, ನಡುವೆ ಓಡುತ್ತಿರುವ ಪ್ರೊಸೆಸ್, ಕೊನೆಗೆ ಎಂಡ್. ಮೊದಲ ಘಟ್ಟದಲ್ಲೇ ಜನರನ್ನು ಹುಟ್ಟಿಸಿದರೆ ಆಟಗಾರ ಕರೆ ತಿರಸ್ಕರಿಸಿದಾಗ ಅವರು ರಸ್ತೆಯಲ್ಲಿ ಅನಾಥರಾಗಿ ಉಳಿಯುತ್ತಾರೆ. ಜಾಗಕ್ಕೆ ಆಟಗಾರನ ಸುತ್ತ 500 ಮೀಟರ್ ದೂರದ ಬಿಂದು ಹಿಡಿದು ಹತ್ತಿರದ ರಸ್ತೆ ಕೇಳುವುದು ರೂಢಿ. ಅದು ಒಮ್ಮೊಮ್ಮೆ ಸುರಂಗದೊಳಗೆ, ಒಮ್ಮೊಮ್ಮೆ ಮೇಲ್ಸೇತುವೆಯ ಮೇಲೆ ಕೊಂಡೊಯ್ದು ಬಿಡುತ್ತದೆ. ನಾನು ಜಾಗಗಳನ್ನು ಸ್ವತಃ ನಡೆದು ನೋಡಿ ನಿರ್ದೇಶಾಂಕದ ಜೊತೆ ಮುಖ ಮಾಡಬೇಕಾದ ದಿಕ್ಕನ್ನೂ ಬರೆದಿಟ್ಟುಕೊಳ್ಳುತ್ತೇನೆ. ಕೆಲಸ ಹೆಚ್ಚು, ಫಲ ಖಚಿತ.

ಕರೆ ಮಾಡಿದವರ ಮಾತು ಯಾವಾಗಲೂ ಅರೆಬರೆಯಾಗಿರುತ್ತದೆ. ಇದನ್ನು ಮಾಡ್‌ಗಳು ತೀರಾ ಕಡೆಗಣಿಸಿವೆ. 'ಯಾರೋ ಬಿದ್ದಿದ್ದಾರೆ' ಎಂದು ಬಂದ ಕರೆ ದಾರಿಯ ಮಧ್ಯೆ 'ಉಸಿರಾಡುತ್ತಿಲ್ಲವಂತೆ' ಎಂದು ಬದಲಾಗುತ್ತದೆ. ಆಟಗಾರ ಹೊರಟ 40 ಸೆಕೆಂಡಿನ ನಂತರ ಎರಡನೆಯ ಸಂದೇಶ ಕಳಿಸಿ. ಆಗ ಅವನು ಇನ್ನೊಂದು ಘಟಕ ಕರೆಯಬೇಕೋ ಬೇಡವೋ ಎಂದು ಚಲಿಸುತ್ತಲೇ ತೀರ್ಮಾನಿಸಬೇಕಾಗುತ್ತದೆ, ನಿಜವಾದ ಸಿಬ್ಬಂದಿಯ ಹಾಗೆಯೇ.

ಸ್ಥಳದಲ್ಲಿ ಒಂದು ಗುಂಡಿ ಒತ್ತಿದರೆ ರೋಗಿ ಎದ್ದು ನಿಲ್ಲುವುದು ನನಗೆ ಸಹಿಸಲಾಗದ ಸಂಗತಿ. ಹೃದಯ ನಿಂತವರಿಗೆ ಮಾಡುವ ಸಿಪಿಆರ್ ಎಂದರೆ ಎದೆಗೆ 30 ಒತ್ತು, 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ. ಐದು ಸುತ್ತಿಗೆ ಸುಮಾರು ಎರಡು ನಿಮಿಷ. ಆಗ ವಿದ್ಯುತ್ ಆಘಾತ ಕೊಡುವ ಯಂತ್ರ ಡಿಫಿಬ್ರಿಲೇಟರ್ ಹೃದಯದ ಲಯ ನೋಡುತ್ತದೆ. ಆಟದಲ್ಲೂ ಎರಡು ನಿಮಿಷ ಬಿಡಿ, ಬದುಕುವ ಸಾಧ್ಯತೆಯನ್ನು ಆಟಗಾರ ತಲುಪಿದ ಸಮಯಕ್ಕೆ ಕಟ್ಟಿಹಾಕಿ. ಹೆಚ್ಚು ಗಾಯಾಳುಗಳಿರುವ ಅಪಘಾತಕ್ಕೆ 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ರೂಪುಗೊಂಡ, ಗಾಯಾಳುಗಳನ್ನು ತುರ್ತಿನ ಪ್ರಕಾರ ಬಣ್ಣಗಳಲ್ಲಿ ವಿಂಗಡಿಸುವ ಸ್ಟಾರ್ಟ್ ವಿಧಾನ ಕೋಡ್‌ಗೆ ಹೇಳಿ ಮಾಡಿಸಿದಂತಿದೆ. ನಡೆಯಬಲ್ಲವರು ಹಸಿರು. ಉಸಿರಿಲ್ಲದಿದ್ದರೆ ಶ್ವಾಸಮಾರ್ಗ ತೆರೆಯಿರಿ. ಆಗಲೂ ಇಲ್ಲದಿದ್ದರೆ ಕಪ್ಪು, ಬಂದರೆ ಕೆಂಪು. ಉಸಿರು ನಿಮಿಷಕ್ಕೆ 30 ಮೀರಿದರೆ ಕೆಂಪು. ಮಣಿಕಟ್ಟಿನ ನಾಡಿ ಸಿಗದಿದ್ದರೆ ಕೆಂಪು. ಸರಳ ಸೂಚನೆ ಪಾಲಿಸದಿದ್ದರೆ ಕೆಂಪು. ಇದೆಲ್ಲ ದಾಟಿ ಉಳಿದವರು ಹಳದಿ. ಪ್ರತಿ ಗಾಯಾಳುವಿಗೆ ನಡಿಗೆ, ಉಸಿರು, ನಾಡಿ, ಪ್ರಜ್ಞೆ ಎಂಬ ನಾಲ್ಕು ಮೌಲ್ಯ ಕೊಟ್ಟು, ಅವುಗಳನ್ನು ಕೇಳಿ ನೋಡುವ ಕೆಲಸವನ್ನು ಆಟಗಾರನಿಗೇ ಬಿಡಿ. ಬಣ್ಣವನ್ನು ಮೊದಲೇ ತೋರಿಸಬೇಡಿ. ಈ ವಿಂಗಡಣೆಯಲ್ಲಿ ಕಷ್ಟ ಇರುವುದು ನಿಯಮದಲ್ಲಲ್ಲ. ಜೋರಾಗಿ ಕೂಗುತ್ತಿರುವವನನ್ನು ದಾಟಿ, ಸದ್ದಿಲ್ಲದೆ ಬಿದ್ದಿರುವವನ ಬಳಿಗೆ ಹೋಗುವುದರಲ್ಲಿ.

ವಾಹನದ ಬಣ್ಣಕ್ಕೆ ಬಂದರೆ, 2048 ಪಿಕ್ಸೆಲ್ ಚೌಕದ ಚಿತ್ರ ಸಾಕು. ಡಿಎಕ್ಸ್‌ಟಿ 1 ಎಂಬ ಸಂಕುಚಿತ ರೂಪದಲ್ಲಿ ಅದು ಮಿಪ್‌ಮ್ಯಾಪ್ (ದೂರದಿಂದ ಕಾಣುವಾಗ ಬಳಸುವ ಚಿಕ್ಕ ಪ್ರತಿಗಳು) ಸೇರಿ 2.7 ಎಂಬಿ, 4096ರ ಡಿಎಕ್ಸ್‌ಟಿ 5 ಚಿತ್ರ 21 ಎಂಬಿ ದಾಟುತ್ತದೆ, ಅಂಥವು ನಾಲ್ಕೈದು ಸೇರಿದರೆ ರಸ್ತೆಗಳೇ ಲೋಡ್ ಆಗುವುದಿಲ್ಲ. ಎಡಬಲ ಎರಡೂ ಬದಿ ಒಂದೇ ಯುವಿ (ಚಿತ್ರದ ಯಾವ ಭಾಗ ವಾಹನದ ಎಲ್ಲಿ ಎಂಬ ನಕ್ಷೆ) ಹಂಚಿಕೊಂಡಿದ್ದರೆ ಒಂದು ಬದಿಯ ಅಕ್ಷರ ತಿರುಗುಮುರುಗಾಗುತ್ತದೆ, ಬೇರ್ಪಡಿಸಿ. ಬಾನೆಟ್ ಮೇಲಿನ ಬರಹ ಮಾತ್ರ ತಿರುಗಿಯೇ ಇರಬೇಕು, ಮುಂದಿನ ಚಾಲಕ ಕನ್ನಡಿಯಲ್ಲಿ ಓದಲೆಂದು. ಪ್ರತಿಫಲಕ ಪಟ್ಟಿಗೆ ಎಮಿಸಿವ್ ಹೊಳಪು, ಅಂದರೆ ತಾನೇ ಬೆಳಗುವ ಗುಣ ಕೊಡಬೇಡಿ. ನಿಜವಾದ ಪಟ್ಟಿ ತಾನಾಗಿ ಬೆಳಗುವುದಿಲ್ಲ, ಬಂದ ಬೆಳಕನ್ನು ಬಂದ ಕಡೆಗೇ ಮರಳಿಸುತ್ತದೆ.

ಅಳವಡಿಸುವಾಗ ಆಟದ ಕಡತಗಳನ್ನು ತೆರೆಯುವ ಓಪನ್‌ಐವಿಯಲ್ಲಿ ಮಾಡ್ಸ್ ಫೋಲ್ಡರ್ ಮಾಡಿ, ಅದರೊಳಗಿನ ನಕಲಿನ ಮೇಲಷ್ಟೇ ಕೈಯಾಡಿಸಿ. ಹೊಸ ಪ್ಯಾಕ್‌ನ ಹೆಸರು ಆಟ ಲೋಡ್ ಮಾಡಬೇಕಾದ ಪ್ಯಾಕ್‌ಗಳ ಪಟ್ಟಿಯಾದ ಡಿಎಲ್‌ಸಿ ಲಿಸ್ಟ್‌ನಲ್ಲಿ ಅಕ್ಷರವೂ ತಪ್ಪದಂತೆ ಇರಲಿ. ಆಮೇಲೆ ಪರೀಕ್ಷೆ: ಒಂದೇ ಕಾಲ್‌ಔಟ್ ಒಪ್ಪಿಕೊಂಡು ಮುಗಿಸುವುದು, ತಿರಸ್ಕರಿಸುವುದು, ದಾರಿಯಲ್ಲೇ ಬಿಡುವುದು, ಸ್ಥಳದಲ್ಲಿ ಆಟಗಾರ ಸಾಯುವುದು. ನಾಲ್ಕರಲ್ಲೂ ಎಂಡ್ ಘಟ್ಟ ಬ್ಲಿಪ್‌ಗಳನ್ನು (ನಕ್ಷೆಯ ಮೇಲಿನ ಗುರುತುಗಳನ್ನು) ಅಳಿಸಿ, ಹುಟ್ಟಿಸಿದ ಪ್ರತಿಯೊಬ್ಬರನ್ನೂ ಡಿಸ್ಮಿಸ್ ಮಾಡಬೇಕು, ಅಂದರೆ ಆಟಕ್ಕೆ ಬಿಟ್ಟುಕೊಡಬೇಕು. ಅದಕ್ಕೂ ಮುನ್ನ ಅವರು ಇನ್ನೂ ಇದ್ದಾರೆಯೇ ಎಂದು ಕೇಳಬೇಕು. ಇಲ್ಲದವರನ್ನು ಮುಟ್ಟಿದರೆ ಪ್ಲಗಿನ್ ಅಲ್ಲೇ ಕುಸಿಯುತ್ತದೆ. ರೇಜ್ ಪ್ಲಗಿನ್ ಹುಕ್‌ನ ಲಾಗ್ ಕಡತದ ಕೊನೆಯ ಸಾಲುಗಳಲ್ಲಿ ಯಾವ ಘಟ್ಟದಲ್ಲಿ ಕುಸಿಯಿತು ಎಂಬುದು ಹೆಸರು ಸಮೇತ ಸಿಗುತ್ತದೆ.