ಹಳೆಯ ವೀಗೆ ಸಿಐಒಎಸ್ ಹಾಕಿದ ಕಥೆ

ನನ್ನ ನಿಂಟೆಂಡೊ ವೀ ಗೇಮ್ ಕನ್ಸೋಲ್‌ನ ಡಿಸ್ಕ್ ಡ್ರೈವ್ ಹತ್ತು ಸಲಕ್ಕೆ ಒಂದು ಸಲ ಮಾತ್ರ ಓದುತ್ತಿತ್ತು. ಅದು ಪೂರ್ತಿ ಕೈಕೊಡುವ ಮೊದಲು ನನ್ನ ಆಟಗಳನ್ನು ಯುಎಸ್‌ಬಿ ಡ್ರೈವ್‌ಗೆ ಇಳಿಸಿಕೊಂಡೆ. ಆದರೆ ಅಲ್ಲಿಂದ ಆಡಬೇಕಾದರೆ ಸಿಐಒಎಸ್ ಅನ್ನೋ ತಿದ್ದಿದ ತಂತ್ರಾಂಶ ಬೇಕು.

ಹೆಸರು ಕೇಳಿಯೇ ಹೆದರಿದ್ದೆ. ಆಮೇಲೆ ವಿಷಯ ತಿಳಿಯಿತು. ವೀಯಲ್ಲಿ ಮುಖ್ಯ ಪ್ರೊಸೆಸರ್ ಜೊತೆ ಸ್ಟಾರ್ಲೆಟ್ ಅನ್ನೋ ಪುಟ್ಟ ಪ್ರೊಸೆಸರ್ ಇದೆ. ಡಿಸ್ಕ್, ಯುಎಸ್‌ಬಿ, ವೈಫೈ ಎಲ್ಲ ನೋಡಿಕೊಳ್ಳೋದು ಅದೇ. ಅದರ ಮೇಲೆ ಓಡುವ ತಂತ್ರಾಂಶವೇ ಐಒಎಸ್. ಇದು ಒಂದಲ್ಲ, ಹಲವು ಇರುತ್ತವೆ. ಪ್ರತಿ ಆಟವೂ ತನಗೆ ಬೇಕಾದ ನಂಬರಿನದನ್ನು ಕೇಳುತ್ತದೆ. ಸಿಐಒಎಸ್ ಅಂದರೆ ಒಂದು ಐಒಎಸ್‌ನ ತಿದ್ದಿದ ಪ್ರತಿ. ಅದನ್ನು ಖಾಲಿ ಸ್ಲಾಟ್‌ನಲ್ಲಿ ಕೂರಿಸುತ್ತೇವೆ, ಅಷ್ಟೇ. ಮೂಲದ್ದನ್ನು ಮುಟ್ಟೋದೇ ಇಲ್ಲ. ವೀಯ ಮುಖ್ಯ ಮೆನುವಿನ 4.3 ಆವೃತ್ತಿ ಓಡೋದು ಐಒಎಸ್ 80ರ ಮೇಲೆ. ಅದನ್ನು ಅಳಿಸಿದರೆ ಮಾತ್ರ ಕನ್ಸೋಲ್ ಶುರುವೇ ಆಗದೆ ಇಟ್ಟಿಗೆಯೇ ಸರಿ!

ಹೊರಗಿನ ತಂತ್ರಾಂಶಕ್ಕೆ ಬಾಗಿಲು ತೆರೆಯಲು ಎಸ್‌ಡಿ ಕಾರ್ಡ್‌ನಲ್ಲಿ ಹಾಕುವ ಪತ್ರ, ಲೆಟರ್‌ಬಾಂಬ್, ಮೊದಲ ಸಲ ಕಾಣಲೇ ಇಲ್ಲ. ಒಳಗಿನ ಬಟನ್ ಸೆಲ್ ಸತ್ತು ದಿನಾಂಕ ಎಷ್ಟೋ ವರ್ಷ ಹಿಂದೆ ಹೋಗಿತ್ತು. ದಿನಾಂಕ ಸರಿಮಾಡಿದ ಮೇಲೆ ಮೆಸೇಜ್ ಬೋರ್ಡ್‌ನಲ್ಲಿ, ಹಿಂದಿನ ದಿನದ ಪುಟದಲ್ಲಿ, ಆ ಕೆಂಪು ಪತ್ರ ಕಂಡಿತು. ಅಲ್ಲಿಂದ ಹೋಂಬ್ರೂ ಚಾನೆಲ್ (ಹೊರಗಿನ ತಂತ್ರಾಂಶ ಓಡಿಸುವ ಚಾನೆಲ್) ಮತ್ತು ಬೂಟ್‌ಮೀ (ಬ್ಯಾಕಪ್ ಮಾಡುವ, ಮರಳಿಸುವ ಸಾಧನ) ಹಾಕೋದು ಎರಡು ನಿಮಿಷದ ಕೆಲಸ.

ಮುಂದೆ ಹೋಗುವ ಮೊದಲು ಬೂಟ್‌ಮೀಯಲ್ಲಿ ಕನ್ಸೋಲ್‌ನ ಒಳಗಿನ 512 ಎಂಬಿ ಮೆಮೊರಿ, ಅಂದರೆ ನ್ಯಾಂಡ್, ಪೂರ್ತಿ ಬ್ಯಾಕಪ್ ಮಾಡಿದೆ. ಅಲ್ಲಿ ವೀ ರಿಮೋಟ್ ಕೆಲಸ ಮಾಡಲ್ಲ. ಕನ್ಸೋಲ್‌ನ ಪವರ್ ಗುಂಡಿ ಒತ್ತಿ ಮುಂದಿನ ಆಯ್ಕೆಗೆ ಸರಿಯಬೇಕು, ರೀಸೆಟ್ ಒತ್ತಿ ಆಯ್ಕೆ ಮಾಡಬೇಕು. ನಡುವೆ ಕೆಲವು ಕೆಟ್ಟ ಬ್ಲಾಕ್‌ಗಳು ಕಂಡು ಎದೆ ಧಸಕ್ ಎಂದಿತು. ಅವು ಕಾರ್ಖಾನೆಯಿಂದಲೇ ಬರುತ್ತವೆಯಂತೆ, ತೊಂದರೆ ಇಲ್ಲ. ನನ್ನದರಲ್ಲಿ ಬೂಟ್‌ಮೀ ಐಒಎಸ್ ಆಗಿ ಮಾತ್ರ ಕೂತಿತು, ಅಂದರೆ ಮೆನು ಶುರುವಾದ ಮೇಲೆಯೇ ಅದನ್ನು ತೆರೆಯಬೇಕು. ಮೆನು ಕೆಟ್ಟರೆ ಅದನ್ನು ತಲುಪೋದು ಕಷ್ಟ ಅಲ್ವಾ? ಹಾಗಾಗಿ ಮೆನುಗಿಂತ ಮೊದಲೇ ಓಡುವ ಪ್ರೀಲೋಡರ್ ಕೂಡ ಹಾಕಿದೆ.

ಸಿಐಒಎಸ್ ಹಾಕುವ ಡಿಟೂಎಕ್ಸ್ ಇನ್‌ಸ್ಟಾಲರ್‌ನಲ್ಲಿ ಸ್ಲಾಟ್ 249ಕ್ಕೆ ಬೇಸ್ (ಯಾವ ಐಒಎಸ್‌ನ ಪ್ರತಿ ಅನ್ನೋದು) 56, ಸ್ಲಾಟ್ 250ಕ್ಕೆ ಬೇಸ್ 57. ರಿವಿಷನ್ 65535 ಇರಲಿ ಎಂದು ಬಿಟ್ಟೆ. ನಂಬರ್ ಅಷ್ಟು ಜಾಸ್ತಿ ಇದ್ದರೆ ಅಪ್‌ಡೇಟ್ ಬಂದು ಅದರ ಮೇಲೆ ಕೂರಲ್ಲ.

ಎಲ್ಲ ಮುಗಿಸಿ, ಯುಎಸ್‌ಬಿಯಿಂದ ಆಟ ಓಡಿಸುವ ಲೋಡರ್ ತೆರೆದರೆ ಡ್ರೈವ್ ಸಿಗುತ್ತಲೇ ಇಲ್ಲ. ಮತ್ತೆ ಫಾರ್ಮ್ಯಾಟ್ ಮಾಡಿದೆ, ಸಿಐಒಎಸ್ ಮತ್ತೆ ಹಾಕಿದೆ. ಒಂದು ಗಂಟೆ ಸುಮ್ನೆ ಹೋಯಿತು. ಕೊನೆಗೆ ನೋಡಿದರೆ ಪಕ್ಕದ ಪೋರ್ಟ್‌ಗೆ ಚುಚ್ಚಿದ್ದೆ. ಕನ್ಸೋಲ್‌ನ ಅಂಚಿಗೆ ಹತ್ತಿರದ ಪೋರ್ಟ್‌ಗೆ ಬದಲಿಸಿದ ಕೂಡಲೇ ಆಟಗಳ ಸಾಲು ತೆರೆದುಕೊಂಡಿತು.