ಎರಡು ಬಾಯಿಯ ಗಾಡಿ: ಪ್ಲಗ್‌ಇನ್ ಹೈಬ್ರಿಡ್ ಕಾರನ್ನು ದಿನನಿತ್ಯ ಓಡಿಸುವುದು ಹೇಗೆ?

ಪ್ಲಗ್‌ಇನ್ ಹೈಬ್ರಿಡ್ ಕಾರಿಗೆ ಎರಡು ಬಾಯಿ. ಒಂದು ಪೆಟ್ರೋಲ್ ಹಾಕಿಸಲು, ಇನ್ನೊಂದು ಮನೆಯ ಕರೆಂಟ್ ಕುಡಿಸಲು. ಎರಡನೆಯ ಬಾಯಿಯನ್ನು ಮರೆತರೆ ಇದು ಭಾರದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗುವ ಪೆಟ್ರೋಲ್ ಗಾಡಿ, ಅಷ್ಟೆ. ಯುರೋಪಿನಲ್ಲಿ ಆದದ್ದು ಇದೇ. ಅಲ್ಲಿನ ರಸ್ತೆಗಳಲ್ಲಿ ಓಡುವ ಇಂಥ ಕಾರುಗಳ ಲೆಕ್ಕವನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದಾಗ, ಪರೀಕ್ಷಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುವುದು ಗೊತ್ತಾಯಿತು. ಕೊಂಡವರು ಅಂದುಕೊಂಡಷ್ಟು ಚಾರ್ಜ್ ಮಾಡುತ್ತಿರಲಿಲ್ಲ ಎಂಬುದು ಅದಕ್ಕೆ ದೊಡ್ಡ ಕಾರಣ.

ಹಾಗಾಗಿ ಈ ಗಾಡಿಯನ್ನು ಹಟ್ಟಿಯ ಎಮ್ಮೆಯಂತೆ ನೋಡಿಕೊಳ್ಳಬೇಕು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಸಂಜೆ ಮನೆಗೆ ಬಂದ ಮೇಲೆ ಕಟ್ಟಿ, ಮೇವು ಹಾಕಿ, ಆಮೇಲೆ ನಮ್ಮ ಊಟ. ನಮ್ಮದು ಬೆಂಗಳೂರಿನಲ್ಲಿ ಒಬ್ಬರು ಬಳಸಿ ಮಾರಿದ ಕಾರು. ಹುಬ್ಬಳ್ಳಿಯ ಕೇಶ್ವಾಪುರದಿಂದ ಧಾರವಾಡಕ್ಕೆ ದಿನವೂ ಕೆಲಸಕ್ಕೆ ಹೋಗಿಬರಲು ಅದನ್ನು ಇಟ್ಟುಕೊಂಡಿದ್ದೇವೆ. ಆ ಅನುಭವದ ಮೇಲೆ ಈ ಹೆಜ್ಜೆಗಳನ್ನು ಬರೆಯುತ್ತಿದ್ದೇನೆ.

ಮೊದಲು: ಯಾವ ಹೈಬ್ರಿಡ್ ಎಂದು ಕೇಳಿ

ನಮ್ಮ ಊರಿನ ರಸ್ತೆಗಳಲ್ಲಿ ಕಾಣುವ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಗ್ರ್ಯಾಂಡ್ ವಿಟಾರಾ, ಹೈರೈಡರ್, ಇನ್ನೋವಾ ಹೈಕ್ರಾಸ್‌ನಂಥವು. ಅವುಗಳಿಗೆ ಪ್ಲಗ್ ಇಲ್ಲ. ಸಣ್ಣ ಬ್ಯಾಟರಿಯನ್ನು ಎಂಜಿನ್ ಮತ್ತು ಬ್ರೇಕಿನ ಶಕ್ತಿಯಿಂದಲೇ ತುಂಬಿಕೊಳ್ಳುತ್ತವೆ. ಪ್ಲಗ್‌ಇನ್ ಬಗೆಯದಕ್ಕೆ ಬ್ಯಾಟರಿ ದೊಡ್ಡದು. ಗೋಡೆಯ ಸಾಕೆಟ್‌ನಿಂದ ತುಂಬಿಸಿ, ಎಂಜಿನ್ ಮುಟ್ಟದೆಯೇ ಹತ್ತಾರು ಕಿಲೋಮೀಟರ್ ಓಡಿಸಬಹುದು. ವೋಲ್ವೊ ಎಕ್ಸ್‌ಸಿ90 ಈ ರೂಪದಲ್ಲಿ 2016ರಲ್ಲಿ ಭಾರತಕ್ಕೆ ಬಂತು. ಇಂದಿಗೂ ಇಲ್ಲಿ ಈ ಬಗೆಯ ಗಾಡಿಗಳು ಕೆಲವೇ, ಬೆಲೆಯೂ ಹೆಚ್ಚು. ಹಸಿರು ನಂಬರ್ ಪ್ಲೇಟ್ ಇವಕ್ಕೆ ಸಿಗುವುದಿಲ್ಲ, ಅದು ಬರೀ ಬ್ಯಾಟರಿಯಲ್ಲಿ ಓಡುವ ವಾಹನಗಳಿಗೆ.

ಹಳೆಯದನ್ನು ಕೊಳ್ಳುವುದಾದರೆ ಬ್ಯಾಟರಿಯ ಆರೋಗ್ಯದ ವರದಿಯನ್ನು ಅಧಿಕೃತ ಸರ್ವಿಸ್ ಕೇಂದ್ರದಿಂದ ಬರೆಸಿಕೊಳ್ಳಿ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುತ್ತದೆ. ಅದರಲ್ಲಿ ಎಷ್ಟು ಉಳಿದಿದೆ ನೋಡಿ. ಚಾರ್ಜಿಂಗ್ ಕೇಬಲ್ ಗಾಡಿಯ ಜೊತೆಗೇ ಇದೆಯೇ ಎಂದು ಡಿಕ್ಕಿ ತೆರೆದು ನೋಡಿ. ಹಿಂದಿನ ಮಾಲೀಕರು ಆ ಕೇಬಲ್ಲನ್ನು ಚೀಲದಿಂದ ಹೊರಗೇ ತೆಗೆದಿಲ್ಲ ಎಂದು ಕಂಡರೆ, ಗಾಡಿ ಇಷ್ಟು ದಿನ ಪೆಟ್ರೋಲ್ ಮೇಲೆಯೇ ಓಡಿದೆ ಎಂದು ತಿಳಿಯಿರಿ.

ದಿನದ ದಾರಿ ಅಳೆಯಿರಿ

ಕಂಪನಿ ಹೇಳುವ ದೂರದಲ್ಲಿ ಕಾಲು ಭಾಗ ಕಳೆದು ಲೆಕ್ಕ ಹಾಕುವುದು ಒಳ್ಳೆಯದು. ನಮ್ಮ ಗಾಡಿ ತುಂಬಿದ ಬ್ಯಾಟರಿಯಲ್ಲಿ 32 ಕಿ.ಮೀ. ಓಡುತ್ತದೆ. ಮನೆಯಿಂದ ಧಾರವಾಡಕ್ಕೆ ಹೋಗಿಬರಲು 42 ಕಿ.ಮೀ. ಬೇಕು. ಅಂದರೆ ದಿನವೂ 10 ಕಿ.ಮೀ. ಪೆಟ್ರೋಲ್. ಈ ಹತ್ತನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದರಲ್ಲೇ ಜಾಣತನವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಮನೆಯ ವೈರಿಂಗ್: ಇಲ್ಲಿ ಜಿಪುಣತನ ಬೇಡ

ಗಾಡಿಯ ಜೊತೆ ಬರುವ ಚಾರ್ಜರ್ ಸಾಮಾನ್ಯವಾಗಿ 10ರಿಂದ 16 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಎಂದರೆ ಸುಮಾರು 2.3 ಕಿಲೋವಾಟ್. ಇಸ್ತ್ರಿ ಪೆಟ್ಟಿಗೆ, ಗೀಸರ್‌ಗಳೂ ಹೆಚ್ಚು ಎಳೆಯುತ್ತವೆ ನಿಜ, ಆದರೆ ಅವು ಹತ್ತು ನಿಮಿಷದ ಕೆಲಸ. ಕಾರು ಐದು ತಾಸು ಒಂದೇ ಸಮನೆ ಎಳೆಯುತ್ತದೆ. ಹಳೆಯ ವೈರು, ಸಡಿಲ ಸಾಕೆಟ್ ಇದ್ದರೆ ಅಷ್ಟು ಹೊತ್ತಿಗೆ ಸುಟ್ಟ ವಾಸನೆ ಬಂದಿರುತ್ತದೆ.

ಮೀಟರ್ ಬೋರ್ಡಿನಿಂದ ಗಾಡಿ ನಿಲ್ಲುವ ಜಾಗಕ್ಕೆ ಬೇರೆ ಯಾವುದಕ್ಕೂ ಸೇರದ ಒಂದು ಲೈನ್ ಎಳೆಸಿ. 4 ಚದರ ಮಿ.ಮೀ. ತಾಮ್ರದ ವೈರು, ಒಳ್ಳೆಯ ದರ್ಜೆಯ 16 ಆಂಪಿಯರ್ ಸಾಕೆಟ್, ಲೋಡ್ ಹೆಚ್ಚಾದರೆ ತಾನೇ ಆರಿಹೋಗುವ ಸ್ವಿಚ್ಚಾದ ಎಂಸಿಬಿ ಅದಕ್ಕೆಂದೇ ಒಂದು, ಶಾಕ್ ತಡೆಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಇಷ್ಟು ಇರಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಕಿಟಕಿಯಿಂದ ವೈರು ತೂರಿಸುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಮೊದಲ ದಿನ ಚಾರ್ಜ್‌ಗೆ ಹಾಕಿದ ಅರ್ಧ ತಾಸಿನ ನಂತರ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳು ಇಡಲಾಗದಷ್ಟು ಕಾದಿದ್ದರೆ ಸ್ವಿಚ್ ಆರಿಸಿ ವೈರ್‌ಮನ್‌ನನ್ನು ಕರೆಯಿರಿ.

ಅರ್ಥಿಂಗ್ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮದು ಎರೆಭೂಮಿ. ನೆಲಕ್ಕೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಚಾರ್ಜರ್ ಪೆಟ್ಟಿಗೆ ಮೊದಲು ಪರೀಕ್ಷಿಸುತ್ತದೆ. ಇಲ್ಲವೆಂದರೆ ಒಂದು ಹನಿ ಕರೆಂಟನ್ನೂ ಒಳಗೆ ಬಿಡುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ನಾನು ಪ್ಲಗ್ ಹಾಕಿದರೆ ಹಸಿರು ದೀಪ ಬರಲಿಲ್ಲ, ಕೆಂಪು ದೀಪ ಮಿಣುಕತೊಡಗಿತು. ತೆಗೆದು ಹಾಕಿದೆ, ಮತ್ತೆ ಕೆಂಪು. ಗಾಡಿಯೇ ಕೆಟ್ಟಿತು ಎಂದು ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ನಮ್ಮ ಓಣಿಯ ವೈರ್‌ಮನ್ ಕಾಕಾ ಬಂದು ಗಾಡಿಯ ಕಡೆ ನೋಡಲೂ ಇಲ್ಲ. ನೇರ ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿಯ ಕಲ್ಲು ಸರಿಸಿದರು. ಮಣ್ಣು ಒಣಗಿ ಪೈಪಿನ ಸುತ್ತ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು.

"ಭೂಮಿ ಬಾಯಿ ಬಿಟ್ಟಿದೆ ಅಕ್ಕಾ. ಇದಕ್ಕೆ ನೀರು ಕುಡಿಸಿ ಎಷ್ಟು ದಿನವಾಯಿತು?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಎರಡು ಕೊಡ ನೀರು ಸುರಿದೆವು. ಮಣ್ಣು ಗುಳುಗುಳು ಎನ್ನುತ್ತ ಗುಳ್ಳೆ ಬಿಡುತ್ತ ಕುಡಿಯಿತು. ಅರ್ಧ ತಾಸು ಬಿಟ್ಟು ಪ್ಲಗ್ ಹಾಕಿದರೆ ಹಸಿರು ದೀಪ. ಅದೇ ವಾರ ಕಾಕಾ ಅವರಿಂದಲೇ ಇದ್ದಿಲು, ಉಪ್ಪು ತುಂಬಿದ ಹೊಸ ಗುಂಡಿ ಮಾಡಿಸಿದೆವು. ಈಗ ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ ಪ್ರತಿ ಸೋಮವಾರ ತುಳಸಿಗೆ ನೀರು ಹಾಕಿದ ಮೇಲೆ ಆ ಗುಂಡಿಗೂ ಒಂದು ಕೊಡ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆಹೊಲದ ಊರಿನವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪ್ಲಗ್ ಸಂಜೆಯೇ ಹಾಕಿ, ಚಾರ್ಜ್ ಮಾತ್ರ ರಾತ್ರಿ 11ಕ್ಕೆ ಶುರುವಾಗುವಂತೆ ಟೈಮರ್ ಇಡಿ. ಬಿಸಿಲಲ್ಲಿ ಓಡಿ ಬಂದ ಬ್ಯಾಟರಿ ಅಷ್ಟರಲ್ಲಿ ತಣಿದಿರುತ್ತದೆ, ಮನೆಯ ಉಳಿದ ಲೋಡ್ ಕೂಡ ಇಳಿದಿರುತ್ತದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಬ್ಯಾಟರಿ ತುಂಬುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ರಾತ್ರಿ ಪ್ಲಗ್ ತೆಗೆದುಬಿಡಿ, ಒಂದು ದಿನ ಪೆಟ್ರೋಲಿನಲ್ಲಿ ಹೋದರೆ ನಷ್ಟವೇನಿಲ್ಲ.

ಬಿಲ್ಲಿನ ಲೆಕ್ಕ: ಗೃಹಜ್ಯೋತಿ ಮರೆಯಬೇಡಿ

ಇದನ್ನು ಮಾರಾಟಗಾರರು ಯಾರೂ ಹೇಳುವುದಿಲ್ಲ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಮನೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಉಚಿತ. ಆ ಮಿತಿ ದಾಟಿ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು.

ನಮ್ಮ ಮನೆಯದೇ ಲೆಕ್ಕ ನೋಡಿ. ಬ್ಯಾಟರಿ ಒಮ್ಮೆ ತುಂಬಲು, ಸೋರಿಕೆಯೂ ಸೇರಿ, ಗೋಡೆಯಿಂದ 11 ಯೂನಿಟ್ ಹೋಗುತ್ತದೆ. ತಿಂಗಳಿಗೆ 25 ದಿನ ಎಂದರೆ 275 ಯೂನಿಟ್. ಮೊದಲು ಮನೆಗೆ 120 ಯೂನಿಟ್ ಸಾಕಾಗುತ್ತಿತ್ತು, ಬಿಲ್ ಸೊನ್ನೆ. ಈಗ ಒಟ್ಟು 395, ಎಲ್ಲದಕ್ಕೂ ಹಣ. ತೆರಿಗೆ ಇತ್ಯಾದಿ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ 2,765 ರೂಪಾಯಿ. ಇದರಲ್ಲಿ ಕಾರಿನ ಪಾಲು 1,925 ಮಾತ್ರ ಎಂದು ಸಮಾಧಾನ ಮಾಡಿಕೊಳ್ಳುವುದು ತಪ್ಪು. ಉಳಿದ 840 ಕೂಡ ಕಾರು ಬಂದದ್ದರಿಂದಲೇ ತೆರುತ್ತಿರುವುದು. ಆ ಹಣದಲ್ಲಿ ವಿದ್ಯುತ್ತಿನಿಂದ ಓಡಿದ್ದು 800 ಕಿ.ಮೀ. ಹಾಗಾಗಿ ಕಿಲೋಮೀಟರ್‌ಗೆ ಸುಮಾರು ಮೂರೂವರೆ ರೂಪಾಯಿ. ಇದೇ ಗಾಡಿ ಪೆಟ್ರೋಲಿನಲ್ಲಿ ಲೀಟರ್‌ಗೆ 12 ಕಿ.ಮೀ. ಕೊಡುತ್ತದೆ, ಲೀಟರ್ ದರ ನೂರು ದಾಟಿದೆ, ಅಲ್ಲಿಗೆ ಕಿಲೋಮೀಟರ್‌ಗೆ ಎಂಟು ರೂಪಾಯಿಗೂ ಮೇಲೆ. ಉಳಿತಾಯ ಇದ್ದೇ ಇದೆ, ಆದರೆ ಜಾಹೀರಾತಿನಲ್ಲಿ ಕಾಣುವಷ್ಟು ಅಲ್ಲ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. ಹಳೆಯ ಮನೆಗಳಲ್ಲಿ ಅದು ಒಂದೆರಡು ಕಿಲೋವಾಟ್ ಇರುವುದುಂಟು. ಹಾಗಿದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಕೊಟ್ಟು ಏರಿಸಿಕೊಳ್ಳಬೇಕು. ವಾಹನ ಚಾರ್ಜಿಂಗ್‌ಗೆ ರಾಜ್ಯದಲ್ಲಿ ಪ್ರತ್ಯೇಕ ದರ ವರ್ಗವಿದೆ. ಬೇರೆ ಮೀಟರ್ ಹಾಕಿಸಿದರೆ ನಿಮಗೆ ಲಾಭವೇ ಎಂದು ಅದೇ ಕಚೇರಿಯಲ್ಲಿ ವಿಚಾರಿಸಿ.

ದಾರಿಯಲ್ಲಿ: ಬ್ಯಾಟರಿ ಎಲ್ಲಿ, ಎಂಜಿನ್ ಎಲ್ಲಿ

ವಿದ್ಯುತ್ತಿನ ಲಾಭ ನಿಂತು ನಿಂತು ಸಾಗುವ ಜಾಗದಲ್ಲಿ. ಎಂಜಿನ್‌ಗೆ ಬೇಕಾದದ್ದು ಒಂದೇ ವೇಗದ ತೆರೆದ ರಸ್ತೆ. ಈ ಒಂದು ಸೂತ್ರ ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಕೇಶ್ವಾಪುರದಿಂದ ಹೊಸೂರು, ವಿದ್ಯಾನಗರ, ಉಣಕಲ್ ದಾಟುವವರೆಗೆ ನಾನು ಬ್ಯಾಟರಿಯಲ್ಲಿ ಹೋಗುತ್ತೇನೆ. ನವನಗರ ಕಳೆದ ಮೇಲೆ "ಹೋಲ್ಡ್" ಒತ್ತುತ್ತೇನೆ. ಆಗ ಬ್ಯಾಟರಿ ಇದ್ದಷ್ಟೇ ಉಳಿದು ಎಂಜಿನ್ ಓಡುತ್ತದೆ. ರಾಯಾಪುರ, ಸತ್ತೂರು, ನವಲೂರಿನವರೆಗೆ ಪಕ್ಕದ ಪಥದಲ್ಲಿ ಚಿಗರಿ ಬಸ್ಸುಗಳು, ಇತ್ತ ನಾವು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದರಿಂದ ಹೋಗುವ ದಾರಿ ಒಟ್ಟಿನಲ್ಲಿ ಏರು, ಅದರ ಭಾರವೂ ಎಂಜಿನ್ ಮೇಲೆಯೇ ಬೀಳಲಿ. ಧಾರವಾಡದೊಳಗೆ ಮತ್ತೆ ಬ್ಯಾಟರಿ. ಸಂಜೆ ಬರುವಾಗ ಇಳಿಜಾರು, ಮನೆಯವರೆಗೂ ಬ್ಯಾಟರಿ ಸಾಕಾಗುತ್ತದೆ. ಹತ್ತು ಕಿಲೋಮೀಟರ್ ಪೆಟ್ರೋಲನ್ನು ಹೀಗೆ ಒಂದೇ ಕಂತಿನಲ್ಲಿ ಮುಗಿಸುವುದರಿಂದ ಎಂಜಿನ್ ಸರಿಯಾಗಿ ಬಿಸಿಯಾಗುತ್ತದೆ. ನಿಮಿಷಕ್ಕೊಮ್ಮೆ ತಣ್ಣಗೆ ಶುರುವಾಗಿ ನಿಲ್ಲುವುದು ಆಯಿಲ್‌ಗೂ ಒಳ್ಳೆಯದಲ್ಲ. ಎಂಜಿನ್‌ನಿಂದಲೇ ಬ್ಯಾಟರಿ ತುಂಬಿಸುವ "ಚಾರ್ಜ್" ಬಟನ್ ಕೆಲವು ಗಾಡಿಗಳಲ್ಲಿದೆ. ಪೆಟ್ರೋಲ್ ಸುಟ್ಟು ಕರೆಂಟ್ ಮಾಡುವ ಆ ಬಟನ್ನನ್ನು ನಾನು ಮುಟ್ಟುವುದಿಲ್ಲ.

ಗದಗ ಹುಬ್ಬಳ್ಳಿಗೆ ಪೂರ್ವಕ್ಕೆ, 60 ಕಿ.ಮೀ. ಹತ್ತಿರ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ ತಳ್ಳುವ ಗಾಳಿ ಬರುವಾಗ ಎದೆಗೆ ಬಡಿಯುತ್ತದೆ, ಖರ್ಚು ಏರುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಗದಗ ಸೀಮೆಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ತಿಂಗಳುಗಳಲ್ಲಿ ಹೆದ್ದಾರಿಯ ದೂರವನ್ನೆಲ್ಲ ಪೆಟ್ರೋಲಿಗೆ ಬಿಟ್ಟು, ಹುಬ್ಬಳ್ಳಿ ಮತ್ತು ಗದಗದ ಪೇಟೆಯೊಳಗೆ ಮಾತ್ರ ಬ್ಯಾಟರಿ ಬಳಸಿ.

ಕಾರವಾರ, ಅಂಕೋಲೆಗೆ ಹೋಗುವವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಹೊತ್ತಿಗೆ ಬ್ಯಾಟರಿ ಖಾಲಿ ಇರುವಂತೆ ನೋಡಿಕೊಳ್ಳಿ. ಇಳಿಯುವಾಗ ಗಾಡಿಯ ಮೋಟಾರೇ ಬ್ರೇಕಿನ ಕೆಲಸ ಮಾಡಿ ಬ್ಯಾಟರಿ ತುಂಬಿಸುತ್ತದೆ, ತಿರುವುಗಳಲ್ಲಿ ಬ್ರೇಕ್ ಬಿಸಿಯಾಗುವುದೂ ಕಡಿಮೆ. ತುಂಬಿದ ಬ್ಯಾಟರಿಗೆ ಮತ್ತೆ ತುಂಬಿಸಲು ಜಾಗವಿಲ್ಲ, ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ.

ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಯ ಸಂದಣಿಯಲ್ಲಿ ವಿದ್ಯುತ್ತಿನಲ್ಲಿ ಓಡಿಸುವಾಗ ಗಾಡಿ ಬಂದದ್ದೇ ಜನರಿಗೆ ತಿಳಿಯುವುದಿಲ್ಲ. ತರಕಾರಿ ಆರಿಸುತ್ತ ಬಗ್ಗಿರುವ ಅಜ್ಜಿಯ ಬೆನ್ನ ಹಿಂದೆ ಸದ್ದಿಲ್ಲದೆ ನಿಂತು ಹಾರ್ನ್ ಒತ್ತಿದರೆ ಅವರು ಬೆದರಿ ಬೀಳಬಹುದು. ನಡಿಗೆಯ ವೇಗದಲ್ಲಿ ಹೋಗಿ, ಅವರು ತಿರುಗಿ ನೋಡುವವರೆಗೆ ಕಾಯಿರಿ.

ಪೆಟ್ರೋಲ್ ಹಳಸುತ್ತದೆ

ದಿನವೂ ಬ್ಯಾಟರಿಯಲ್ಲೇ ಓಡಿಸುವವರ ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಕೊಳೆಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟೇ ಹಾಕಿಸಿ. ಪೆಟ್ರೋಲ್ ಹಳೆಯದಾದರೆ ಕೆಲವು ಗಾಡಿಗಳು ತಾವೇ ಎಂಜಿನ್ ಶುರು ಮಾಡಿಕೊಳ್ಳುತ್ತವೆ, ಗಾಬರಿಯಾಗಬೇಡಿ.

ಇನ್ನು ಕೆಲವು ಮಾತು

ಹೆದ್ದಾರಿಯ ಫಾಸ್ಟ್ ಚಾರ್ಜರ್‌ನ ದಪ್ಪ ಗನ್ ಹೆಚ್ಚಿನ ಪ್ಲಗ್‌ಇನ್ ಹೈಬ್ರಿಡ್‌ಗಳಿಗೆ ಹೊಂದುವುದಿಲ್ಲ. ಟೈಪ್ 2 ಎಂಬ ಎಸಿ ಪ್ಲಗ್ ಇರುವ ಕೇಂದ್ರ ಹುಡುಕಬೇಕು. ಬಾನೆಟ್ ಒಳಗಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಎಷ್ಟೇ ನಂಬಿಕೆಯ ಮೆಕ್ಯಾನಿಕ್ ಆಗಲಿ, ತರಬೇತಿ ಇಲ್ಲದಿದ್ದರೆ ಅವುಗಳಿಗೆ ಕೈ ಹಾಕಲು ಬಿಡಬೇಡಿ. ಗಾಡಿ ನಿಂತುಹೋದರೆ ಹಗ್ಗ ಕಟ್ಟಿ ಎಳೆಸದೆ ಲಾರಿಯ ಮೇಲೆ ಹೇರಿಸಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಸಣ್ಣ 12 ವೋಲ್ಟ್ ಬ್ಯಾಟರಿ ಸತ್ತರೆ ಗಾಡಿ ಕದಲುವುದಿಲ್ಲ. ಹದಿನೈದು ದಿನ ಊರಲ್ಲಿರುವುದಿಲ್ಲವೆಂದರೆ, ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಗಾಡಿಯ ಕೈಪಿಡಿಯಲ್ಲಿ ಓದಿಕೊಂಡು ಹೊರಡಿ.

ಬೀಗರ ಮನೆಗೆ ಹೋದಾಗ

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ನಮ್ಮ ಬೀಗರಿದ್ದಾರೆ. ಹೋದ ಕೂಡಲೇ "ಗಾಡಿಗೂ ಊಟ ಹಾಕಿರಿ" ಎಂದು ಪಡಸಾಲೆಯ ಸಾಕೆಟ್ ತೋರಿಸುತ್ತಾರೆ. ಅಂಥಲ್ಲಿ ಮೊದಲು ಚಾರ್ಜರ್‌ನ ಆಂಪಿಯರ್ ಅನ್ನು 6ಕ್ಕೆ ಇಳಿಸಿ. ಹಲವು ಚಾರ್ಜರ್‌ಗಳಲ್ಲಿ ಅದಕ್ಕೊಂದು ಬಟನ್ ಇರುತ್ತದೆ. ಕೆಂಪು ದೀಪ ಬಂದರೆ ಅರ್ಥಿಂಗ್ ಇಲ್ಲವೆಂದು ತಿಳಿದು ಅಲ್ಲಿಗೇ ಬಿಟ್ಟುಬಿಡಿ.

ಅವರ ಮನೆಗೂ ಗೃಹಜ್ಯೋತಿ ಇದೆ. ಎರಡು ರಾತ್ರಿ ಚಾರ್ಜ್ ಮಾಡಿದರೆ 22 ಯೂನಿಟ್. ತಿಂಗಳ ಕೊನೆಯಲ್ಲಿ ಅವರ ಮೀಟರ್ 190ರಲ್ಲಿದ್ದರೆ ನಮ್ಮ ಗಾಡಿಯಿಂದಾಗಿ ಅವರು ಇಡೀ ತಿಂಗಳ ಬಿಲ್ ಕಟ್ಟಬೇಕಾಗುತ್ತದೆ, ಬೀಗರು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ನಾವು ಅಲ್ಲಿಗೆ ಹೋದರೆ ಒಳಗೆ ಕಾಲಿಡುವ ಮುನ್ನ ಜಗುಲಿಯ ಮೀಟರ್ ನೋಡಿಕೊಳ್ಳುತ್ತೇವೆ. ಒಂದು ರಾತ್ರಿಗಿಂತ ಹೆಚ್ಚು ಪ್ಲಗ್ ಹಾಕುವುದಿಲ್ಲ, ಮರುದಿನ ಪೆಟ್ರೋಲಿನಲ್ಲೇ ಹುಬ್ಬಳ್ಳಿಗೆ ಮರಳುತ್ತೇವೆ.